ಬರಲಿರುವ ಹಲಗೆ

ಬಾರದಿರುವ ವಸ್ತುವಿನಲ್ಲಿ ಮನುಷ್ಯನಿಗೆ ಇರುವ ಆಸಕ್ತಿಯು ಬಂದ ವಸ್ತುವಿನಲ್ಲಿ ಇರುವುದಿಲ್ಲ. ಯುಗಾದಿಯ ದಿನ ಬೇವುಬೆಲ್ಲವನ್ನು ತಿಂದು ಪಂಚಾಂಗಶ್ರವಣಕ್ಕೆ ಕುಳಿತಾಗ ಈ ವರ್ಷ ಮಳೆ ಎಷ್ಟು ಕೊಳಗ, ನಮ್ಮ ರಾಶಿಗೆ ಆದಾಯವೆಷ್ಟು, ವ್ಯಯವೆಷ್ಟು ಎಂದು ನಾವೆಲ್ಲರೂ ಕಿವಿಗೊಟ್ಟು ಕೇಳುತ್ತೇವೆ. ಆದರೆ ಹೋದ ವರ್ಷದ ಪಂಚಾಂಗವನ್ನು ಅಟ್ಟದಿಂದ ಇಳಿಸಿ, ಅದು ಹೇಳಿದ ಮಳೆಯನ್ನೂ ಸುರಿದ ಮಳೆಯನ್ನೂ ತಾಳೆ ನೋಡಿದವರನ್ನು ನಾನು ಕಂಡಿಲ್ಲ. ಕೇಳುವ ಸುಖವೇ ಅಲ್ಲಿ ಮುಖ್ಯ. ಫಲವು ನಿಜವಾಗುವುದೂ ಬಿಡುವುದೂ ಬೇರೆಯ ಮಾತು.

ಈಚಿನ ದಿನಗಳಲ್ಲಿ ವಿದ್ಯಾವಂತರ ಮನೆಗಳಲ್ಲಿ ಇಂಥ ಇನ್ನೊಂದು ಪಂಚಾಂಗಶ್ರವಣವು ವರ್ಷವಿಡೀ ನಡೆಯುತ್ತಿದೆ. ಅಂಗಡಿಯವರು ಟ್ಯಾಬ್ಲೆಟ್ ಎಂದು ಹೆಸರಿಟ್ಟು ಮಾರುವ, ಮಕ್ಕಳ ಬಾಯಲ್ಲಿ ಟ್ಯಾಬ್ ಎಂದು ಮೊಟಕಾಗಿರುವ ಗಾಜಿನ ಹಲಗೆಯೇ ಅದರ ವಿಷಯ. ಮುಂದಿನ ಮಾದರಿಯು ಯಾವ ತಿಂಗಳಲ್ಲಿ ಬರುವುದು, ಅದರ ತೆರೆ ಎಷ್ಟು ಅಂಗುಲ, ತೂಕವೆಷ್ಟು, ಒಮ್ಮೆ ಚಾರ್ಜು ತುಂಬಿದರೆ ಎಷ್ಟು ಗಂಟೆ ಬಾಳುವುದು, ಎಲ್ಲಕ್ಕಿಂತ ಮಿಗಿಲಾಗಿ ಅದರ ಬೆಲೆಯೆಷ್ಟು ಎಂಬ ಚರ್ಚೆಯನ್ನು ಊಟದ ಎಲೆಯ ಮುಂದೆಯೂ ಮದುವೆಯ ಮನೆಯ ಜಗಲಿಯಲ್ಲಿಯೂ ರೈಲುಗಾಡಿಯಲ್ಲಿಯೂ ನಾನು ಕೇಳಿದ್ದೇನೆ. ಚರ್ಚಿಸುವವರಲ್ಲಿ ಅರ್ಧಮಂದಿ ಅದನ್ನು ಕೊಳ್ಳುವವರಲ್ಲ. ಆದರೂ ಇದನ್ನು ಹುಡುಗಾಟವೆಂದು ತಳ್ಳಿಹಾಕಲು ನನಗೆ ಮನಸ್ಸು ಬಾರದು. ಈ ಊಹೆಗಳಿಗೆ ಒಂದು ಚರಿತ್ರೆಯಿದೆ, ಒಂದು ಬಗೆಯ ಶಾಸ್ತ್ರವೂ ಇದೆ. ಹಾಗೆಯೇ, ಅವು ಕೇಳದೆ ಬಿಡುವ ಕೆಲವು ಪ್ರಶ್ನೆಗಳೂ ಇವೆ. ಅವುಗಳ ಕಡೆಗೆ ವಾಚಕರ ಗಮನವನ್ನು ಸೆಳೆಯುವುದೇ ಈ ಬರಹದ ಉದ್ದೇಶ.

ಹಲಗೆ ಎಂಬ ಮಾತನ್ನು ಬೇಕೆಂದೇ ಬಳಸಿದ್ದೇನೆ. ಮರಳು ಹರಡಿದ ಹಲಗೆಯ ಮೇಲೆ ಬೆರಳಿನಿಂದ ಅಕ್ಷರ ತಿದ್ದಿದ ನಾಡು ನಮ್ಮದು. ಆಮೇಲೆ ಸ್ಲೇಟು ಬಂದಿತು. ಇವೆರಡಕ್ಕಿಂತಲೂ ಸೊಗಸಾದ ಕಡತವೆಂಬುದು ನಮ್ಮ ಲೆಕ್ಕಪತ್ರಗಳ ಲೋಕದಲ್ಲಿ ಬಹುಕಾಲ ಬಾಳಿತು. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲಿನ ಪುಡಿಯನ್ನೂ ಬಳಿದು ಒಣಗಿಸಿ, ಮಡಿಕೆಮಡಿಕೆಯಾಗಿ ಮಡಿಸಿದರೆ ಕಡತವಾಗುತ್ತಿತ್ತು. ಅದರ ಮೇಲೆ ಬಳಪದಿಂದ ಬರೆದುದನ್ನು ಒರೆಸಿ ಮತ್ತೆ ಬರೆಯಬಹುದು; ಕಪ್ಪು ಮಾಸಿದರೆ ಮತ್ತೆ ಬಳಿಯಬಹುದು. ಶೃಂಗೇರಿಯ ಮಠದಲ್ಲಿ ಇಂಥ ಕಡತಗಳು ಉಳಿದುಬಂದಿವೆ. ವಸ್ತುವು ಬಳಕೆಯಿಂದ ಹೋದರೂ ಹೆಸರು ಹೋಗಲಿಲ್ಲ. ಇಂದಿಗೂ ಕಚೇರಿಯ ಕಾಗದದ ಕಟ್ಟಿಗೆ ಕಡತವೆಂದೇ ಹೆಸರು. ಈಗ ಮಡಿಸುವ ತೆರೆಯ ಹಲಗೆಯ ಸುದ್ದಿಯನ್ನು ಹಿರಿದಾದ ಸೋಜಿಗವೆಂಬಂತೆ ಹೇಳುವ ತರುಣರನ್ನು ಕಂಡಾಗ, ನಮ್ಮ ಶಾನುಭೋಗರ ಕಂಕುಳಲ್ಲಿ ಇದ್ದುದೂ ಮಡಿಸುವ ಹಲಗೆಯೇ ಅಲ್ಲವೇ ಎಂದು ನಗು ಬರುತ್ತದೆ. ಭೇದವೊಂದುಂಟು. ಕಡತದ ಮುಂದಿನ ಮಾದರಿ ಯಾವಾಗ ಬರುವುದೆಂದು ಯಾವ ಶಾನುಭೋಗರೂ ಕಾದು ಕುಳಿತಿರಲಿಲ್ಲ.

ಇನ್ನು ಈ ಊಹೆಗಳು ಹುಟ್ಟುವ ಬಗೆಯನ್ನು ನೋಡೋಣ. ಗಾಳಿಮಾತೆಂದರೆ ಗಾಳಿಯಿಂದಲೇ ಹುಟ್ಟಿದ್ದೆಂದು ತಿಳಿಯಬಾರದು. ಲಕ್ಷಗಟ್ಟಲೆ ಹಲಗೆಗಳನ್ನು ಮಾರಬೇಕಾದ ಕಂಪೆನಿಯು ಗಾಜು, ತೆರೆ, ಬ್ಯಾಟರಿಗಳಿಗಾಗಿ ಹಲವು ತಿಂಗಳು ಮುಂಚಿತವಾಗಿಯೇ ಬೇರೆ ಬೇರೆ ಕಾರ್ಖಾನೆಗಳಿಗೆ ಹೇಳಿರಬೇಕು. ಅಲ್ಲಿಂದ ಅಳತೆಯು ಹೊರಬೀಳುತ್ತದೆ. ಹೊದಿಕೆ ಮಾಡುವವರಿಗೆ ಹಲಗೆಯ ಉದ್ದಗಲಗಳು ಬೇಕು. ಅಲ್ಲಿಂದ ಆಕಾರವು ಹೊರಬೀಳುತ್ತದೆ. ರೇಡಿಯೋ ತರಂಗಗಳನ್ನು ಬಳಸುವ ಯಂತ್ರವು ಅಮೆರಿಕದಲ್ಲಿ ಮಾರಾಟಕ್ಕೆ ಬರುವ ಮುನ್ನ ಅಲ್ಲಿಯ ಸಂಪರ್ಕ ಆಯೋಗದ ಒಪ್ಪಿಗೆಯನ್ನು ಪಡೆಯಬೇಕು. ನಮ್ಮಲ್ಲಿಯೂ ಭಾರತೀಯ ಮಾನಕ ಬ್ಯೂರೋದ ನೋಂದಣಿ ಬೇಕು. ಆ ಪಟ್ಟಿಗಳನ್ನು ಯಾರು ಬೇಕಾದರೂ ನೋಡಬಹುದಾದುದರಿಂದ ಅಲ್ಲಿಂದ ಮಾದರಿಯ ಸಂಖ್ಯೆಯು ಹೊರಬೀಳುತ್ತದೆ. ಇಷ್ಟಕ್ಕೆ ಕಂಪೆನಿಯ ಹಿಂದಿನ ವರ್ಷಗಳ ಅಭ್ಯಾಸವನ್ನು ಸೇರಿಸಿದರೆ ತಿಂಗಳನ್ನೂ ಹೇಳಬಹುದು. ಆದುದರಿಂದ ಅಳತೆ, ಆಕಾರ, ಕಾಲ ಇವುಗಳ ವಿಷಯದಲ್ಲಿ ಭವಿಷ್ಯ ನುಡಿಯುವವರು ಬಹುಮಟ್ಟಿಗೆ ಗೆಲ್ಲುತ್ತಾರೆ. ಅವರು ಎಡವುವುದು ಬೆಲೆಯಲ್ಲಿ. ಏಕೆಂದರೆ ಬೆಲೆಯು ಕಾರ್ಖಾನೆಯಲ್ಲಿ ತಯಾರಾಗುವ ವಸ್ತುವಲ್ಲ. ಕಡೆಯ ಗಳಿಗೆಯವರೆಗೂ ಕೆಲವೇ ಮಂದಿಯ ಮನಸ್ಸಿನಲ್ಲಿ ಇರುವ ಸಂಖ್ಯೆ ಅದು.

ಇದಕ್ಕೆ ನಿದರ್ಶನಗಳು ಹೇರಳವಾಗಿವೆ. 1972ರಲ್ಲಿ, ಇಂಥ ಯಂತ್ರವೊಂದನ್ನು ಯಾರೂ ಕಣ್ಣಿನಿಂದ ಕಾಣದಿದ್ದಾಗ, ಅಮೆರಿಕದ ಅಲನ್ ಕೇ ಎಂಬ ವಿದ್ವಾಂಸನು ಮಕ್ಕಳ ಕಲಿಕೆಗಾಗಿ ಡೈನಾಬುಕ್ ಎಂಬ ಹೊತ್ತಗೆಯಾಕಾರದ ಗಣಕವನ್ನು ಕಲ್ಪಿಸಿ ಪ್ರಬಂಧವೊಂದನ್ನು ಬರೆದನು. ಅದರ ತೂಕವು ನಾಲ್ಕು ಪೌಂಡಿಗಿಂತ ಕಡಿಮೆಯಿರಬೇಕು, ಬೆಲೆಯು 500 ಡಾಲರಿನ ಆಸುಪಾಸಿನಲ್ಲಿರಬೇಕು ಎಂಬುದು ಅವನ ಗುರಿ. 2001ರ ನವೆಂಬರಿನಲ್ಲಿ ಬಿಲ್ ಗೇಟ್ಸ್ ಹಲಗೆಯಾಕಾರದ ಗಣಕವನ್ನು ತೋರಿಸಿ, ಐದು ವರ್ಷಗಳೊಳಗೆ ಅಮೆರಿಕದಲ್ಲಿ ಅತ್ಯಂತ ಹೆಚ್ಚಾಗಿ ಮಾರಾಟವಾಗುವ ಗಣಕವು ಇದೇ ಆಗುವುದೆಂದು ನುಡಿದರು. ಐದು ವರ್ಷ ಕಳೆಯಿತು, ಹಾಗಾಗಲಿಲ್ಲ. 2010ರ ಜನವರಿಯಲ್ಲಿ ಆಪಲ್ ಕಂಪೆನಿಯ ಹಲಗೆಯು ಬರುವುದೆಂದು ಲೋಕವೆಲ್ಲ ಕಾದಿತ್ತು. ಅದಕ್ಕೆ ಐಸ್ಲೇಟ್ ಎಂದು ಹೆಸರಿಡುವರೆಂದು ಕೆಲವರು, ಬೆಲೆಯು ಸಾವಿರ ಡಾಲರಿನಷ್ಟಾಗುವುದೆಂದು ಹಲವರು. ಜನವರಿ 27ರಂದು ಸ್ಟೀವ್ ಜಾಬ್ಸ್ ವೇದಿಕೆಯ ಮೇಲೆ ಪಂಡಿತರ ಆ 999ನ್ನೇ ಬರೆದು ತೋರಿಸಿ, ಬಳಿಕ ಅದನ್ನು ಒಡೆದು 499 ಎಂದರು. ಹೆಸರು ಸ್ಲೇಟಾಗದೆ ಐಪ್ಯಾಡ್ ಆಯಿತು. ಅಲನ್ ಕೇ ಮೂವತ್ತೆಂಟು ವರ್ಷಗಳ ಹಿಂದೆ ಹೇಳಿದ ಸಂಖ್ಯೆಗೆ ಒಂದೇ ಡಾಲರು ಕಡಿಮೆ. 1972ರ ಡಾಲರಿನ ಬಲವೇ ಬೇರೆ, 2010ರ ಡಾಲರಿನ ಬಲವೇ ಬೇರೆಯೆಂಬುದು ನಿಜ. ಆದರೂ ಪಂಡಿತರೆಲ್ಲರಿಗಿಂತ ಒಬ್ಬ ಕನಸುಗಾರನ ಲೆಕ್ಕವೇ ಹತ್ತಿರ ಬಂದುದು ಗಮನಿಸತಕ್ಕ ವಿಷಯ.

ಅದೇ ಜಾಬ್ಸ್ 2010ರ ಅಕ್ಟೋಬರಿನಲ್ಲಿ, ಏಳಂಗುಲದ ಚಿಕ್ಕ ಹಲಗೆಗಳು ಹುಟ್ಟುತ್ತಲೇ ಸಾಯುವುವೆಂಬ ಅರ್ಥದಲ್ಲಿ ಮಾತಾಡಿದರು. 2012ರ ಅಕ್ಟೋಬರಿನಲ್ಲಿ ಅವರ ಕಂಪೆನಿಯೇ 7.9 ಅಂಗುಲದ ಐಪ್ಯಾಡ್ ಮಿನಿಯನ್ನು ತಂದಿತು. ಅದು ಇನ್ನೂರೈವತ್ತರಿಂದ ಮುನ್ನೂರು ಡಾಲರಿಗೆ ಸಿಕ್ಕುವುದೆಂದು ಎಣಿಸಿದ್ದವರಿಗೆ ಕಂಡುದು 329. ಎಚ್‌ಪಿ ಕಂಪೆನಿಯ ಟಚ್‌ಪ್ಯಾಡ್ ಎಂಬ ಹಲಗೆಯ ಕಥೆಯಂತೂ ಇನ್ನೂ ವಿಚಿತ್ರ. 2011ರ ಜುಲೈ 1ರಂದು ಸುಮಾರು 500 ಡಾಲರಿಗೆ ಅಂಗಡಿಗೆ ಬಂದ ಅದನ್ನು ಕೊಳ್ಳುವವರಿರಲಿಲ್ಲ. ಆಗಸ್ಟ್ 18ರಂದು ಕಂಪೆನಿಯು ಆ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಸಾರಿ, ಉಳಿದ ಸರಕನ್ನು 99 ಡಾಲರಿಗೆ ಇಳಿಸಿತು. ಆಗ ಜನ ಮುಗಿಬಿದ್ದರು. ಬಾಳುವ ವಸ್ತುವನ್ನು ಒಲ್ಲದವರು ಅದರ ಮರಣವಾರ್ತೆ ಬಂದಮೇಲೆ ಸಾಲುನಿಂತರು. ಬೆಲೆಯೆಂಬುದು ವಸ್ತುವಿನ ಗುಣವಲ್ಲ, ಕೊಳ್ಳುವವನ ಮನಸ್ಸಿನ ಗುಣವೆಂದು ಇದರಿಂದ ಹೇಳಬೇಕಾಗುತ್ತದೆ.

ಈ ತೊಂಬತ್ತೊಂಬತ್ತರ ವ್ಯಾಮೋಹವೂ ಯೋಚಿಸತಕ್ಕದ್ದೇ. ನಮ್ಮ ಮನೆಗಳಲ್ಲಿ ಮುಯ್ಯಿ ಮಾಡುವಾಗ ನೂರರ ಮೇಲೆ ಒಂದು ರೂಪಾಯಿಯನ್ನು ಇಡುತ್ತೇವೆ. ಸಂಬಂಧವು ಸೊನ್ನೆಗೆ ನಿಲ್ಲದೆ ಮುಂದುವರಿಯಲಿ ಎಂಬುದು ಹಿರಿಯರ ಭಾವನೆ. ಅಂಗಡಿಯವನು ಅದೇ ಒಂದನ್ನು ಕಳೆಯುತ್ತಾನೆ. ಕೊಡುವ ಕೈ ಒಂದನ್ನು ಕೂಡಿಸುತ್ತದೆ, ಮಾರುವ ಕೈ ಒಂದನ್ನು ಕಳೆಯುತ್ತದೆ. ಎರಡರ ಗುರಿಯೂ ನಮ್ಮ ಮನಸ್ಸೇ. ಅದಲ್ಲದೆ, ಡಾಲರಿನ ಬೆಲೆಯನ್ನು ಕೇಳಿ ಇಲ್ಲಿ ರೂಪಾಯಿಯ ಲೆಕ್ಕ ಹಾಕುವವರಿಗೆ ಇನ್ನೊಂದು ಪಾಠವೂ ಕಾದಿರುತ್ತದೆ. ಮೊದಲ ಐಪ್ಯಾಡ್ ಭಾರತಕ್ಕೆ ಬಂದುದು 2011ರ ಜನವರಿ 28ರಂದು. ಆಗ ಡಾಲರಿಗೆ ಸುಮಾರು 45 ರೂಪಾಯಿ. 499 ಡಾಲರೆಂದರೆ ಇಪ್ಪತ್ತೆರಡೂವರೆ ಸಾವಿರದಷ್ಟು. ಇಲ್ಲಿಯ ಅಂಗಡಿಯ ಬೆಲೆಯು 27,900 ರೂಪಾಯಿಯಿಂದ ಆರಂಭವಾಯಿತು. ಅಮೆರಿಕದ ಬೆಲೆಯಲ್ಲಿ ಅಲ್ಲಿಯ ಮಾರಾಟದ ತೆರಿಗೆ ಸೇರಿರುವುದಿಲ್ಲ. ಇಲ್ಲಿಯದರಲ್ಲಿ ಎಲ್ಲವೂ ಸೇರಿರುತ್ತದೆ. ಇನ್ನೂ ಒಂದು ಸಂಗತಿ: ಹಲಗೆಯು ನಮ್ಮ ದೇಶಕ್ಕೆ ಕಾಲಿಟ್ಟು ಐದು ವಾರ ಕಳೆಯುವುದರೊಳಗೆ, ಮಾರ್ಚ್ 2ರಂದು, ಅಮೆರಿಕದಲ್ಲಿ ಅದರ ತಮ್ಮನ ನಾಮಕರಣವಾಗಿತ್ತು.

ಕಾಯುವವರ ಪಕ್ಷಕ್ಕೆ ಇದು ಬಲವಾದ ಆಧಾರವೆಂದು ಒಪ್ಪಬೇಕು. ಮೊದಲ ಐಪ್ಯಾಡಿಗೆ 2012ರ ಸೆಪ್ಟೆಂಬರಿನಲ್ಲಿ ಬಂದ ಹೊಸ ತಂತ್ರಾಂಶವು ದೊರೆಯಲಿಲ್ಲ. ಇಲ್ಲಿ ಅದನ್ನು ಕೊಂಡವನಿಗೆ ಎರಡು ವರ್ಷವೂ ತುಂಬಿರಲಿಲ್ಲ. ಎರಡನೆಯ ಐಪ್ಯಾಡಿಗಾದರೋ 2015ರಲ್ಲಿ ಬಂದ ಆವೃತ್ತಿಯೂ ದೊರೆಯಿತು. ಕೆಲವೇ ತಿಂಗಳು ತಾಳಿದವನಿಗೆ ನಾಲ್ಕು ವರ್ಷಗಳ ಹೆಚ್ಚಿನ ಆಯುಸ್ಸು ಲಭಿಸಿತು. ಹೀಗಿರುವಾಗ ಗಾಳಿಮಾತಿಗೆ ಕಿವಿಗೊಡುವವರನ್ನು ಮೂಢರೆನ್ನುವುದು ಹೇಗೆ?

ನನ್ನ ಅಣ್ಣನ ಮಗನು ಈ ಪಂಥದವನು. ತಿಂಗಳುಗಳ, ಅಂಗುಲಗಳ, ಬೆಲೆಗಳ ಲೆಕ್ಕವೆಲ್ಲ ಅವನ ನಾಲಗೆಯ ತುದಿಯಲ್ಲಿರುತ್ತದೆ. 2011ರಲ್ಲಿ ನಮ್ಮ ಸೋದರತ್ತೆಯವರಿಗೆ ಒಂದು ಹಲಗೆಯನ್ನು ತಂದುಕೊಡಬೇಕೆಂಬ ಮಾತು ಮನೆಯಲ್ಲಿ ಹುಟ್ಟಿತು. ಅವರು ಪ್ರಾಥಮಿಕ ಶಾಲೆಯಲ್ಲಿ ಉಪಾಧ್ಯಾಯಿನಿಯಾಗಿದ್ದು ನಿವೃತ್ತರಾದವರು. ಓದದೆ ನಿದ್ರೆ ಬಾರದು. ಕಣ್ಣಿನ ನಡುವಣ ದೃಷ್ಟಿಯು ಸವೆಯುವ ರೋಗವು ಅವರಿಗೆ ತಗುಲಿತ್ತು. ಅಂಚಿನ ನೋಟ ಉಳಿಯುವುದು, ನಟ್ಟನಡುವೆ ಮಸಿಯ ಚುಕ್ಕೆಯಂತೆ ಕತ್ತಲೆ. ಅಕ್ಷರವು ದೊಡ್ಡದಾದಷ್ಟು ದಿನ ಓದಬಹುದೆಂದು ವೈದ್ಯರು ಹೇಳಿದ್ದರು. ಭೂತಗನ್ನಡಿಯನ್ನು ಹಿಡಿದು ಹಿಡಿದು ಅವರ ಕೈ ನೋಯುತ್ತಿತ್ತು.

“ಇನ್ನು ಮೂರು ತಿಂಗಳು ತಾಳಿ, ಚಿಕ್ಕಪ್ಪ. ಹೊಸದು ಬರುತ್ತದೆ, ಹಳೆಯದರ ಬೆಲೆ ಇಳಿಯುತ್ತದೆ” ಎಂದು ಹುಡುಗನು ಹೇಳಿದನು. ಮೂರು ತಿಂಗಳು ಕಳೆಯಿತು, ಹೊಸದೂ ಬಂದಿತು. ಆದರೆ ಅಷ್ಟರಲ್ಲಿ ಅದಕ್ಕಿಂತ ಹೊಸದರ ಸುದ್ದಿಯೂ ಬಂದಿದ್ದಿತು. ಹೀಗೆ ಎರಡು ವರ್ಷ ಉರುಳಿದವು. ಅವನ ಪ್ರತಿಯೊಂದು ಮಾತೂ ಲೆಕ್ಕಕ್ಕೆ ಸರಿಯಾಗಿತ್ತು. ಒಂದು ಸಂಜೆ ಅತ್ತೆಯವರು ಅವನನ್ನು ಹತ್ತಿರ ಕರೆದು, “ಅಲ್ಲ ಕಣಪ್ಪ, ಹಲಗೆಗೆ ಹೊಸ ಮಾದರಿ ಬರುತ್ತದೆ ಎನ್ನುತ್ತೀಯಲ್ಲ, ನನ್ನ ಕಣ್ಣಿಗೂ ಬರುತ್ತದೆಯೇ?” ಎಂದು ಕೇಳಿದರು. ಅವರ ದನಿಯಲ್ಲಿ ಕೋಪವಿರಲಿಲ್ಲ. ಮಾರನೆಯ ದಿನ ತಮ್ಮ ಪಿಂಚಣಿಯ ಹಣವನ್ನು ಎಣಿಸಿಕೊಟ್ಟು, “ಅಂಗಡಿಯಲ್ಲಿ ಇರುವುದನ್ನು ತಾ” ಎಂದರು. ಹದಿನಾರು ಸಾವಿರಕ್ಕೆ ತುಸು ಕಡಿಮೆಯ ಒಂದು ಆಂಡ್ರಾಯ್ಡ್ ಹಲಗೆಯು ಮನೆಗೆ ಬಂದಿತು.

ಆ ಹಲಗೆಯಲ್ಲಿ ಅವರಿಗೆ ಉಪಯೋಗಕ್ಕೆ ಬಂದ ಗುಣ ಯಾವುದು? ಮುಂದಿನ ಕ್ಯಾಮರಾವೂ ಅಲ್ಲ, ಹಿಂದಿನದೂ ಅಲ್ಲ, ತೆಳುವಾದುದರಿಂದಲೂ ಅಲ್ಲ. ಅದು ಕನ್ನಡದ ಅಕ್ಷರಗಳನ್ನು ಬಲ್ಲುದಾಗಿತ್ತು, ಅಷ್ಟೆ. ಹಳೆಯ ಪುಸ್ತಕಗಳ ಪುಟವನ್ನು ಚಿತ್ರವಾಗಿ ತೆಗೆದಿಟ್ಟ ಪ್ರತಿಗಳು ಜಾಲದಲ್ಲಿ ಬೇಕಾದಷ್ಟಿವೆ. ಆದರೆ ಚಿತ್ರವನ್ನು ಹಿಗ್ಗಿಸಿದರೆ ಸಾಲು ತೆರೆಯ ಆಚೆಗೆ ಓಡುತ್ತದೆ, ಸಾಲುಸಾಲಿಗೂ ಪುಟವನ್ನು ಎಡಬಲಕ್ಕೆ ಎಳೆಯಬೇಕು. ಅಕ್ಷರರೂಪದಲ್ಲಿಯೇ ಇರುವ ಬರಹವಾದರೆ, ಹಿಗ್ಗಿಸಿದಷ್ಟೂ ಸಾಲುಗಳು ತಾವೇ ಮುರಿದು ತೆರೆಯ ಅಗಲಕ್ಕೆ ಹೊಂದಿಕೊಳ್ಳುತ್ತವೆ. ದೃಷ್ಟಿ ಕುಂದಿದವರಿಗೆ ಈ ಎರಡಕ್ಕೂ ಅಜಗಜಾಂತರ. ಅದಕ್ಕೆ ಹಲಗೆಯ ಒಳಗೇ ಕನ್ನಡದ ಅಕ್ಷರವಿನ್ಯಾಸವಿರಬೇಕು. ಒತ್ತಕ್ಷರವು ತನ್ನ ಸ್ಥಾನದಲ್ಲಿ ಕೂಡಬೇಕು, ಗುಣಿತವು ಚದುರಬಾರದು. ಆಂಡ್ರಾಯ್ಡಿಗೆ ಈ ವಿದ್ಯೆಯು ಬಂದುದು 2012ರಲ್ಲಿ ಪ್ರಕಟವಾದ 4.1ನೆಯ ಆವೃತ್ತಿಯಲ್ಲಿ; ಕನ್ನಡ, ತೆಲುಗು, ಮಲಯಾಳಗಳು ಆಗ ಸೇರಿದವು. ಆ ಜೂನ್ ತಿಂಗಳಲ್ಲಿ ಅದರೊಡನೆಯೇ ಹೊರಬಂದ ನೆಕ್ಸಸ್ 7 ಎಂಬ ಹಲಗೆಯ 199 ಡಾಲರಿನ ಬೆಲೆಯನ್ನು ಅಣ್ಣನ ಮಗನು ವಾರಗಟ್ಟಲೆ ಮುಂಚೆಯೇ ಹೇಳಿದ್ದನು. ಕನ್ನಡ ಬರುವುದೆಂದು ಹೇಳಿರಲಿಲ್ಲ. ಬಂದಮೇಲೂ ಅದು ಅವನ ಗಮನಕ್ಕೆ ಬೀಳಲಿಲ್ಲ. ಅವನು ಓದುವ ಪಟ್ಟಿಗಳಲ್ಲಿ ಆ ಅಂಕಣವೇ ಇರಲಿಲ್ಲ. 2011ರಲ್ಲಿಯೇ ಕೊಂಡಿದ್ದರೆ ಕನ್ನಡ ಸರಿಯಾಗಿ ಕಾಣುತ್ತಿರಲಿಲ್ಲವಲ್ಲ ಎಂದು ಅವನು ಈಗ ವಾದಿಸುವುದುಂಟು. ವಾದವು ಸುಳ್ಳಲ್ಲ. ಆದರೆ ಅವನು ಕಾದುದು ಅದಕ್ಕಾಗಿ ಅಲ್ಲ. ಅದು ಬಂದ ಮೇಲೂ ಒಂದು ವರ್ಷ ಬೆಲೆಗಾಗಿ ಕಾದನು. ಅತ್ತೆಯವರು ಬೆರಳಗಲದ ಅಕ್ಷರಗಳಲ್ಲಿ ದಿನಪತ್ರಿಕೆಯನ್ನೂ ಕುಮಾರವ್ಯಾಸನನ್ನೂ ಎರಡು ವರ್ಷ ಓದಿದರು. ಬಳಿಕ ಆ ಅಕ್ಷರಗಳೂ ಕರಗಿದವು. ಹಾಳಾದ ಒಂದು ವರ್ಷವನ್ನು ಸೇರಿಸಿದ್ದರೆ ಅದು ಮೂರಾಗುತ್ತಿತ್ತು. ಅವರ ಲೆಕ್ಕದಲ್ಲಿ ಅದು ಸಣ್ಣ ಮೊತ್ತವಲ್ಲ.

ನಮ್ಮ ನುಡಿಯನ್ನು ಗಣನೆಗೆ ತೆಗೆದುಕೊಂಡು ಹಲಗೆಯನ್ನು ಕಲ್ಪಿಸಿದವರೇ ಇರಲಿಲ್ಲವೆಂದು ಹೇಳಿದರೆ ಕೃತಘ್ನತೆಯಾದೀತು. 1998ರಲ್ಲಿ ಬೆಂಗಳೂರಿನಲ್ಲಿ ನಡೆದ ವಿಚಾರಸಂಕಿರಣವೊಂದರ ಪ್ರೇರಣೆಯಿಂದ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರೂ ಎನ್‌ಕೋರ್ ಎಂಬ ಸಂಸ್ಥೆಯ ತಂತ್ರಜ್ಞರೂ ಕೂಡಿ ಸಿಂಪ್ಯೂಟರ್ ಎಂಬ ಅಂಗೈಯಗಲದ ಗಣಕವನ್ನು ರಚಿಸಿ 2001ರಲ್ಲಿ ಲೋಕಕ್ಕೆ ತೋರಿಸಿದರು. ಓದುಬರಹ ಬಾರದವರಿಗೂ ಅದು ದೇಶಭಾಷೆಯಲ್ಲಿ ಓದಿ ಹೇಳಬೇಕು. ಒಂದನ್ನೇ ಹಳ್ಳಿಯವರೆಲ್ಲರೂ ಹಂಚಿಕೊಳ್ಳುವಂತೆ ಒಬ್ಬೊಬ್ಬರಿಗೂ ಒಂದೊಂದು ಸ್ಮಾರ್ಟ್ ಕಾರ್ಡು ಇರಬೇಕು—ಇದು ಅವರ ಯೋಜನೆ. ಬೆಲೆಯು ಒಂಬತ್ತು ಸಾವಿರ ರೂಪಾಯಿಯಷ್ಟಿರಬೇಕೆಂದು ಎಣಿಸಿದ್ದರು. 2004ರಲ್ಲಿ ಅಮಿಡಾ ಎಂಬ ಹೆಸರಿನಿಂದ ಮಾರಾಟಕ್ಕೆ ಬಂದಾಗ ಬೆಲೆಯು 9,950 ರೂಪಾಯಿಯಿಂದ ಆರಂಭವಾಯಿತು. ಅಷ್ಟರಲ್ಲಿ ಕಿಸೆಯ ಫೋನು ಅಗ್ಗವಾಗಿತ್ತು. ಮಾರಾಟವು ಕೆಲವು ಸಾವಿರಗಳನ್ನು ದಾಟಲಿಲ್ಲ. ಅವರ ಬೆಲೆಯ ಊಹೆ ಬಹುಮಟ್ಟಿಗೆ ಸರಿಯಾಯಿತು. ಕಾಲದ ಊಹೆ ತಪ್ಪಿತು.

ಇದಕ್ಕೆ ವಿರುದ್ಧವಾದುದು ಆಕಾಶದ ಕಥೆ. 2010ರ ಜುಲೈಯಲ್ಲಿ 35 ಡಾಲರಿನ ಹಲಗೆಯೊಂದನ್ನು ವಿದ್ಯಾರ್ಥಿಗಳಿಗೆ ಕೊಡುವುದಾಗಿ ಭಾರತ ಸರ್ಕಾರವು ಸಾರಿತು. ಇಲ್ಲಿ ಬೆಲೆಯೇ ಮೊದಲು ಹುಟ್ಟಿತು, ಹಲಗೆಯು ಆಮೇಲೆ. 2011ರ ಅಕ್ಟೋಬರ್ 5ರಂದು ದೆಹಲಿಯಲ್ಲಿ ಅದರ ಬಿಡುಗಡೆಯಾಯಿತು. ಸ್ಟೀವ್ ಜಾಬ್ಸ್ ಅಮೆರಿಕದಲ್ಲಿ ತೀರಿಕೊಂಡುದೂ ಅದೇ ದಿನ. ಸರ್ಕಾರವು ಪ್ರತಿಯೊಂದಕ್ಕೂ ತೆತ್ತ ಬೆಲೆ 2,276 ರೂಪಾಯಿ. ಅಷ್ಟಕ್ಕೆ ಏನು ಸಿಕ್ಕೀತೋ ಅದೇ ಸಿಕ್ಕಿತು: ಒತ್ತಿ ಒತ್ತಿ ಬರೆಯಬೇಕಾದ ಏಳಂಗುಲದ ತೆರೆ, ಮಂದಗತಿಯ ಯಂತ್ರ, ಕನ್ನಡಕ್ಕೆ ಇನ್ನೂ ಆಸರೆಯಿಲ್ಲದ ಆಂಡ್ರಾಯ್ಡ್ 2.2. ಮರುವರ್ಷದ ನವೆಂಬರಿನಲ್ಲಿ ಬಂದ ಆಕಾಶ್ 2 ಎಷ್ಟೋ ಮೇಲಾಗಿತ್ತು. ಆ ವೇಳೆಗೆ ಹೆಸರು ಕೆಟ್ಟಿತ್ತು. ದೇಶದ ಬಡಮಕ್ಕಳ ಕಲಿಕೆಗೆ ಏನು ಬೇಕೆಂದು ಮೊದಲು ಕೇಳಿ, ಅದಕ್ಕೆ ತಗಲುವ ವೆಚ್ಚವನ್ನು ಆಮೇಲೆ ಎಣಿಸಿದ್ದರೆ ಫಲವು ಬೇರೆಯಾಗುತ್ತಿತ್ತೇನೋ. 2020ರ ಮಾರ್ಚಿನಲ್ಲಿ ಸಾಂಕ್ರಾಮಿಕದಿಂದ ಶಾಲೆಗಳು ಮುಚ್ಚಿ, ಪಾಠವೆಲ್ಲ ತೆರೆಯ ಮೇಲೆ ಬಂದಾಗ, ಮುಂದಿನ ಮಾದರಿಯ ಮಾತು ಯಾರ ಬಾಯಲ್ಲಿಯೂ ಇರಲಿಲ್ಲ. ಮನೆಯಲ್ಲಿ ಒಂದು ಇದೆಯೇ ಇಲ್ಲವೇ ಎಂಬುದೊಂದೇ ಪ್ರಶ್ನೆಯಾಯಿತು. ಇದ್ದ ಮನೆಯ ಮಗುವು ಒಡೆದ ಗಾಜಿನ ಹಲಗೆಯಲ್ಲಿಯೂ ಕಲಿಯಿತು.

ಇಷ್ಟು ಹೇಳಿದುದರಿಂದ ನಾನು ಊಹೆಯ ಶತ್ರುವೆಂದು ವಾಚಕರು ಭಾವಿಸಬಾರದು. ಹಣವನ್ನು ಎಣಿಸಿ ಕೊಳ್ಳಬೇಕಾದ ಮನೆಗಳಲ್ಲಿ ಮುಂದೇನು ಬರುವುದೆಂದು ವಿಚಾರಿಸುವುದು ವಿವೇಕವೇ. ಆದರೆ ಪ್ರಶ್ನೆಗಳ ಪಟ್ಟಿಯು ಅಂಗುಲದಲ್ಲಿ ಆರಂಭವಾಗಿ ಡಾಲರಿನಲ್ಲಿ ಮುಗಿಯಬೇಕಾಗಿಲ್ಲ. ಬರಲಿರುವ ಹಲಗೆಗೆ ಎಷ್ಟು ವರ್ಷ ಹೊಸ ತಂತ್ರಾಂಶವನ್ನು ಒದಗಿಸುವುದಾಗಿ ಕಂಪೆನಿಯು ಮಾತು ಕೊಟ್ಟಿದೆ? ಬ್ಯಾಟರಿಯು ಸವೆದರೆ ನಮ್ಮ ಜಿಲ್ಲೆಯ ಊರಿನಲ್ಲಿ ಬದಲಿಸಿಕೊಡುವವರು ಇದ್ದಾರೆಯೇ? ಕನ್ನಡವನ್ನು ತೋರಿಸಿದರೆ ಸಾಲದು. ಅದನ್ನು ತಪ್ಪಿಲ್ಲದೆ ಗಟ್ಟಿಯಾಗಿ ಓದಿ ಹೇಳುವುದೇ? ಕಣ್ಣು ಹೋದಮೇಲೂ ಕಿವಿಯಿರುವವರು ನಮ್ಮ ಮನೆಗಳಲ್ಲಿ ಬಹಳ ಮಂದಿ ಇದ್ದಾರೆ. ಕೊನೆಯದಾಗಿ, ಈ ಮನೆಯಲ್ಲಿ ಹಲಗೆ ಬೇಕಾಗಿರುವುದು ಯಾರಿಗೆ, ಅವರು ಎಷ್ಟು ದಿನ ಕಾಯಬಲ್ಲರು? ಈ ಪ್ರಶ್ನೆಗೆ ಉತ್ತರ ಹೇಳಲು ಯಾವ ಕಾರ್ಖಾನೆಯ ಗುಟ್ಟೂ ಬೇಕಾಗಿಲ್ಲ. ಬೆಲೆ ಇಳಿಯುವ ತಿಂಗಳನ್ನು ಕಂಡುಹಿಡಿಯುವ ತರುಣರು, ಪಕ್ಕದ ಕೋಣೆಗೆ ಹೋಗಿ ಇದೊಂದನ್ನು ಕೇಳಿಬಂದು ಆಮೇಲೆ ಲೆಕ್ಕಕ್ಕೆ ಕೂಡಲಿ.